ಹುಣಸೆಮರದ ಕಾವಲು

ತಾತನ ಕುರುಕ್ಷೇತ್ರ ನಾಟಕದ ನೋಟ್‌ಬುಕ್ಕು ಹೋದ ತಿಂಗಳು ಅಟ್ಟದ ಮೇಲೆ ಸಿಕ್ಕಿತು. ದೊಡ್ಡಬಳ್ಳಾಪುರದ ಕಡೆ ಹಳ್ಳಿ ನಮ್ದು. ಇಲ್ಲಿ ಇವತ್ತಿಗೂ ಕೈಯಿಂದ ದುಡ್ಡು ಹಾಕಿ ದುರ್ಯೋಧನನ ಪಾರ್ಟು ಮಾಡೋರಿದ್ದಾರೆ.

ಮನೇಲಿ ಎಲ್ಲರೂ ಹೇಳೋ ಕತೆ ಒಂದಿದೆ. 1942ರ ಚಳವಳಿ ಹೊತ್ತಲ್ಲಿ ಕೃಷ್ಣನ ಪಾತ್ರದ ತಾತ, ಸಂಧಾನದ ಸೀನಿನಲ್ಲಿ ಪಾಂಡವರಿಗೆ ಐದು ಗ್ರಾಮ ಕೇಳೋ ಬದಲು ಬ್ರಿಟಿಷರಿಗೆ ಗಂಟುಮೂಟೆ ಕಟ್ಟಿ ಅಂದಿದ್ದರಂತೆ. ಪುರಾಣದ ವೇಷದಲ್ಲಿ ರಾಜಕೀಯ ಆಡೋದು ಹಳೇ ಉಪಾಯ. 1907ರ ಖಾಡಿಲ್ಕರರ ಮರಾಠಿ 'ಕೀಚಕವಧ'ದಲ್ಲಿ ಜನ ಕೀಚಕನನ್ನು ನೋಡಲಿಲ್ಲ, ಕರ್ಜನ್‌ನನ್ನು ನೋಡಿದರು. 1910ರಲ್ಲಿ ಸರ್ಕಾರ ಆ ನಾಟಕವನ್ನು ನಿಷೇಧಿಸಿತು.

ಆಸೆಯಿಂದ ಸಂಧಾನದ ಪುಟ ತೆಗೆದೆ. ಏನೂ ಇಲ್ಲ! ಶುದ್ಧ ಐದು ಗ್ರಾಮ.

ಚಿಕ್ಕತಾತನ ಹತ್ರ ಹೋದೆ. ತೊಂಬತ್ತು ದಾಟಿದ್ದಾರೆ. "ಅದನ್ನ ಬರೀತಾರೇನಪ್ಪ? ಅಮಲ್ದಾರರು ಕೇಳಿದ್ರೆ ತೋರ್ಸಕ್ಕೆ ಇದ್ದ ಪುಸ್ತ್ಕ ಅದು" ಅಂದರು. ಹಾಗಾದರೆ ನೀವು ಕೇಳಿದ್ದು ಹೇಳಿ ಅಂದೆ. "ನಾನೆಲ್ಲಿ ಕೇಳಿದ್ದು? ಪೊಲೀಸ್ನೋರು ಬಂದ್ರೆ ಶಿಳ್ಳೆ ಹೊಡಿ ಅಂತ ನನ್ನ ಹುಣಸೆಮರ ಹತ್ಸಿದ್ರು. ಬೆನ್ನ ಹಿಂದ್ಗಡೆ ಸ್ಟೇಜು."

ಬದುಕಿರೋ ಒಬ್ಬನೇ ಸಾಕ್ಷಿ ನಾಟಕಕ್ಕೆ ಬೆನ್ನು ಹಾಕಿ ಕೂತಿದ್ದವನು!

1944ರ ಜನವರಿಯಲ್ಲಿ, ಯುದ್ಧ ನಡೀತಿರುವಾಗಲೇ, ಸ್ಲೊವೇನಿಯಾದ ಪಾರ್ಟಿಸಾನ್ ಹೋರಾಟಗಾರರು ಚರ್ನೊಮೆಲ್ ಅನ್ನೋ ಊರಲ್ಲಿ ತಮ್ಮದೇ ರಾಷ್ಟ್ರೀಯ ರಂಗಭೂಮಿ ಕಟ್ಟಿದರು. ಅದು ಅವರು ಬಿಡಿಸಿಕೊಂಡಿದ್ದ ನೆಲ, ಕಾಗದ ಬಚ್ಚಿಡಬೇಕಿರಲಿಲ್ಲ. ನಮ್ಮಲ್ಲಿ ಎಷ್ಟೋ ಸಲ ಕಾಪಾಡಿದ್ದು ಎದುರು ಪಾಳಯದವರೇ. ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರ್ಕಾರ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿತು. ಅವನ ಲಾವಣಿಯನ್ನು 1880ರ ದಶಕದಲ್ಲಿ ಅಚ್ಚಿಗೆ ತಂದವನು ಜೆ. ಎಫ್. ಫ್ಲೀಟ್, ಬ್ರಿಟಿಷ್ ಅಧಿಕಾರಿ. ತಾತನ ಮಾತು ಕೇಳೋಕೆ ಅಂಥ ಅಧಿಕಾರಿಯೂ ಬರಲಿಲ್ಲ, ಸದ್ಯ.

ನಾಟಕ ಮಾಡೋ ಗೆಳೆಯನೊಬ್ಬ ನೋಟ್‌ಬುಕ್ಕನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಇಡೋಣ ಅಂದ. "ಆ ಡೈಲಾಗು ನೀನೇ ಬರೆದು ಸೇರ್ಸು ಮಗಾ. ತಾತ ಹಂಗೇ ಹೇಳಿರ್ತಾರೆ." ಅವತ್ತು ರಾತ್ರಿ ಅರ್ಧ ಪುಟ ಬರೆದೆ. ಚೆನ್ನಾಗಿ ಬಂತು. ಅದಕ್ಕೇ ಹೆದರಿಕೆ ಆಯ್ತು: ತಾತ ಹೇಳಿದ್ದು ಬಹುಶಃ ಇಷ್ಟು ನೀಟಾಗಿರಲಿಲ್ಲ, ಒಂದು ಬೈಗುಳವೂ ಇತ್ತೇನೋ. ಹತ್ತು ವರ್ಷ ಬಿಟ್ಟು ಯಾರೋ ನನ್ನ ಸಾಲನ್ನು 1942ರ ಸಾಲು ಅಂತ ಥೀಸಿಸ್ಸಿಗೆ ಹಾಕ್ತಾರೆ.

ಸ್ಟೇಜ್ ಮೇಲೆ ಏನು ಬೇಕಾದ್ರೂ ಸೇರಿಸಬಹುದು, ತಾತ ಮಾಡಿದ್ದೂ ಅದನ್ನೇ. ತಾತನ ಕೈಬರಹದ ಪುಸ್ತಕಕ್ಕೆ ಸೇರಿಸೋದು ಬೇರೆ. ಆದರೆ ಸೇರಿಸದೆ ಇದ್ದರೂ ಸುಳ್ಳೇ ಉಳಿಯುತ್ತಲ್ಲ? ಅಮಲ್ದಾರರಿಗೆ ಅಂತ ಬರೆದ ಪುಸ್ತಕ ಓದಿದವರಿಗೆ ತಾತ ವಿಧೇಯ ಪ್ರಜೆ ಅಷ್ಟೇ. ವಾರಗಟ್ಟಲೆ ಇದನ್ನೇ ಕ್ಯಾಬಲ್ಲಿ ಯೋಚಿಸಿದೀನಿ.

ಹೋದ ಭಾನುವಾರ ಚಿಕ್ಕತಾತನಿಗೆ ಸಂಧಾನದ ಸೀನನ್ನು ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳ್ತಿದ್ದವರು ಒಂದು ಕಡೆ ಕೈಯೆತ್ತಿದರು. "ಇಲ್ಲಿ ಜನ ಚಪ್ಪಾಳೆ ಹೊಡುದ್ರು. ಮರ ಅಲ್ಲಾಡ್ದಂಗೆ." ಸ್ವಲ್ಪ ಮುಂದೆ ಹೋದ ಮೇಲೆ, "ಇಲ್ಲಿ ನಗಾಡಿದ್ರು."

ನೋಟ್‌ಬುಕ್ಕಿನ ಫೋಟೋಕಾಪಿ ಮೇಲೆ ಆ ಎರಡು ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಪಕ್ಕದಲ್ಲಿ ಯಾರು ಹೇಳಿದ್ದು, ಯಾವತ್ತು, ಅವರು ಆಗ ಎಲ್ಲಿ ಕೂತಿದ್ದರು ಅಂತ ಬರೆದೆ.