ಹೇಳದ ಬೆಲೆ

ನೀರಮಾನ್ವಿಯಿಂದ ಮಾನ್ವಿ ಕೋರ್ಟಿಗೆ ಬರುವ ರೈತನಿಗೆ ಬಸ್ಸಿನ ಟಿಕೆಟ್ಟಿನ ದರ ಗೊತ್ತಿರುತ್ತದೆ, ಇಳಿದು ಕುಡಿಯುವ ಚಹಾದ ದರವೂ ಗೊತ್ತಿರುತ್ತದೆ. ಅರ್ಜಿ ಬರೆಯುವವರು, ಟೈಪ್ ಮಾಡುವವರು, ನಕಲು ತೆಗೆಸಿಕೊಡುವವರು, ವಕೀಲರ ಗುಮಾಸ್ತರು ಮಾಡುವ ಕೆಲಸದ ದರ ಮಾತ್ರ ಕೆಲಸ ಮುಗಿಯುವ ತನಕ ತಿಳಿಯುವುದಿಲ್ಲ. ಮೊದಲೇ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ನಿಮ್ಮ ಹತ್ರ ಏನ್ ರೇಟ್ ಮಾತಾಡೋದ್ರಿ ಗೌಡ್ರ, ನಿಮಗ ತಿಳಿದಷ್ಟು ಕೊಡ್ರಿ.’ ಕೇಳಲು ಔದಾರ್ಯದ ಮಾತು. ವ್ಯಾಜ್ಯಕ್ಕೆ ನೆರವಾಗುವ ಕಸುಬಿನಲ್ಲಿ ಇದಕ್ಕಿಂತ ದುಬಾರಿ ದರ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಬೆಲೆ ನ್ಯಾಯವಾದದ್ದೋ ಅಲ್ಲವೋ ಎನ್ನಲು ಕೊಳ್ಳುವವನಿಗೆ ಸರಕಿನ ಗುಣ ತಿಳಿಯಬೇಕು. ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ ದರ ಹೇಳುತ್ತಾರೆ. ದಾವೆಯ ಕಾಗದಕ್ಕೆ ಅಂಥ ಪರೀಕ್ಷೆಯಿಲ್ಲ. ಗೆದ್ದರೆ ಅದು ಬರಹದ ಗುಣವೋ, ಎದುರುಪಕ್ಷ ಗೈರುಹಾಜರಾದ ಫಲವೋ? ಸೋತರೆ ತಪ್ಪು ಗುಮಾಸ್ತನದೋ, ದಾವೆಯೇ ಪೊಳ್ಳಿತ್ತೋ? ವರ್ಷಗಳಾದ ಮೇಲೂ ರೈತನಿಗೆ ಗೊತ್ತಾಗುವುದಿಲ್ಲ. ಇಷ್ಟು ಕತ್ತಲಲ್ಲಿರುವವನ ಕೈಗೇ ‘ಬೆಲೆ ನೀನೇ ಕಟ್ಟು’ ಎಂದು ತಕ್ಕಡಿ ಕೊಟ್ಟರೆ ಅವನು ಕೆಲಸವನ್ನು ತೂಗುವುದಿಲ್ಲ, ತನ್ನ ಭಯವನ್ನು ತೂಗುತ್ತಾನೆ. ಕಡಿಮೆ ಕೊಟ್ಟರೆ ಮುಂದಿನ ತಾರೀಖಿಗೆ ಫೈಲು ಸಿಗದಿದ್ದರೆ? ಅದಕ್ಕೇ ಹೆಚ್ಚು ಕೊಡುತ್ತಾನೆ, ಸುಗ್ಗಿಯಾದ ಮೇಲೆ ಒಂದು ಚೀಲ ಅಕ್ಕಿಯನ್ನೂ ಇಳಿಸಿ ಹೋಗುತ್ತಾನೆ. ಇಷ್ಟು ಕೊಟ್ಟರೂ ಅವನೇ ಋಣದಲ್ಲಿರುತ್ತಾನೆ. ‘ಅಣ್ಣಾ’ ಎಂದು ಕರೆದವನನ್ನು ‘ನನ್ನ ಕೆಲಸ ಯಾಕ ತಡ ಮಾಡಿದಿ?’ ಎಂದು ಕೇಳುವುದು ಹೇಗೆ? ದರ ಮೊದಲೇ ಮಾತಾಗಿದ್ದರೆ ಕೇಳಬಹುದಿತ್ತು. ನಂಟಸ್ತಿಕೆ ದರವನ್ನು ಅಳಿಸಿದಾಗ ಗಿರಾಕಿಯ ಹಕ್ಕೂ ಅದರ ಜೊತೆಗೇ ಅಳಿಸಿಹೋಗುತ್ತದೆ.

ಹಾಗಾದರೆ ಅಳತೆ ಯಾವುದಿರಬೇಕು? ಪುಟಕ್ಕೆ ಇಷ್ಟು ಎಂದರೆ ಪುಟ ಬೆಳೆಯುತ್ತವೆ, ತಾರೀಖಿಗೆ ಇಷ್ಟು ಎಂದರೆ ತಾರೀಖು ಬೆಳೆಯುತ್ತವೆ. ಇದು ಎಲ್ಲರೂ ಬಲ್ಲ ಸಂಗತಿ. ಕಷ್ಟದ ಪ್ರಶ್ನೆ ಪಾಲಿನದು: ‘ಈಗ ಏನೂ ಬ್ಯಾಡ, ಬಂದದ್ದರಾಗ ಇಷ್ಟು ಪಾಲು ಕೊಡ್ರಿ.’

ವಕೀಲರಿಗೆ ಇದು ನಿಷಿದ್ಧ. ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳು ಫಲಿತಾಂಶಕ್ಕೆ ಕಟ್ಟಿದ ಶುಲ್ಕವನ್ನು ಒಪ್ಪುವುದಿಲ್ಲ. ತೆಲಂಗಾಣದಿಂದ ಬಂದ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಶೇಕಡಾ ಲೆಕ್ಕದ ಶುಲ್ಕವನ್ನು ಖಂಡಿಸಿ, ಅದಕ್ಕಾಗಿ ಬರೆಸಿಕೊಂಡ ಚೆಕ್ಕಿನ ಮೊಕದ್ದಮೆಯನ್ನೇ ರದ್ದು ಮಾಡಿತು. ಆದರೂ ಪಾಲಿನ ಪರವಾದ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಅಮೆರಿಕದಲ್ಲಿ ಇದು ಕಾನೂನುಬದ್ಧ. ಕೈಯಲ್ಲಿ ಕಾಸಿಲ್ಲದವನು ಪಾಲು ಬಿಟ್ಟರೆ ಇನ್ನೇನು ಕೊಡಬಲ್ಲ? ಸೋತರೆ ನೆರವಾದವನಿಗೂ ನಷ್ಟ ತಾನೇ, ಆ ಅಪಾಯಕ್ಕೆ ಬೆಲೆ ಬೇಡವೇ?

ಅಪಾಯ ನಿಜವಾಗಿದ್ದರೆ ಬೇಕು. ಆದರೆ ನಮ್ಮ ಸೀಮೆಯ ಉದಾಹರಣೆಯನ್ನೇ ನೋಡಿ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ: ಕಾಲುವೆ ಹಾಯುವಲ್ಲಿ ಭೂಸ್ವಾಧೀನವಿರುತ್ತದೆ, ಭೂಸ್ವಾಧೀನವಿದ್ದಲ್ಲಿ ಹೆಚ್ಚಿನ ಪರಿಹಾರದ ದಾವೆಯೂ ಇರುತ್ತದೆ. 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ 28ಎ ಎಂಬ ಕಲಂ ಸೇರಿತು. ಒಬ್ಬ ರೈತ ಕೋರ್ಟಿಗೆ ಹೋಗಿ ಹೆಚ್ಚು ಪರಿಹಾರ ಪಡೆದರೆ, ಅದೇ ಅಧಿಸೂಚನೆಯಲ್ಲಿ ಜಮೀನು ಕಳಕೊಂಡು ಕೋರ್ಟಿಗೆ ಹೋಗದೆ ಉಳಿದವರೂ ಆ ತೀರ್ಪಿನ ಆಧಾರದ ಮೇಲೆ ಮರುನಿಗದಿ ಕೇಳಬಹುದು. ಅದಕ್ಕೆ ಬೇಕಾದದ್ದು ಲಿಖಿತ ಅರ್ಜಿ, ತೀರ್ಪಿನ ನಕಲು ಮತ್ತು 3 ತಿಂಗಳ ಗಡುವು. ಗಡುವಿನಲ್ಲಿ ನಕಲು ಪಡೆಯಲು ಹಿಡಿದ ದಿನಗಳನ್ನು ಎಣಿಸುವುದಿಲ್ಲ. 2013ರ ಹೊಸ ಕಾಯ್ದೆಯ 73ನೇ ಕಲಮಿನಲ್ಲೂ ಈ ಅವಕಾಶ ಉಳಿದಿದೆ. ಪಕ್ಕದ ಹೊಲದವನು ಆಗಲೇ ಗೆದ್ದಿರುವಾಗ ಇಂಥ ಅರ್ಜಿ ಬರೆಯುವವನು ಹೊರುವ ಅಪಾಯ ಎಷ್ಟು? ಅವನು ಪಾಲು ಕೇಳುವುದು ದುಡಿಮೆಗಲ್ಲ, ಅಪಾಯಕ್ಕೂ ಅಲ್ಲ. ಗಡುವಿನ ಸುದ್ದಿ ತನಗೆ ಗೊತ್ತು, ರೈತನಿಗೆ ಗೊತ್ತಿಲ್ಲ ಎಂಬುದಕ್ಕೆ ಮಾತ್ರ.

ನಾನು ಗೆರೆ ಎಳೆಯುವುದು ಇಲ್ಲಿ. ದುಡಿಮೆಗೆ ಬೆಲೆಯಿದೆ, ಕಲಿತ ವಿದ್ಯೆಗೂ ಇದೆ. ಗಿರಾಕಿಯ ಅರಿವುಗೇಡಿಗೆ ಬೆಲೆ ಕಟ್ಟಬಾರದು. 1948ರವರೆಗೆ ರಾಯಚೂರು ನಿಜಾಮನ ಆಡಳಿತದಲ್ಲಿತ್ತಾದ್ದರಿಂದ ಹಳೆಯ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಆ ಕೈಬರಹ ಓದಿ ಕನ್ನಡಕ್ಕಿಳಿಸುವವರು ಹೆಚ್ಚು ಕೇಳಿದರೆ ನನಗೆ ತಕರಾರಿಲ್ಲ. ಅದು ಕಣ್ಣು ಸವೆಸಿ ಗಳಿಸಿದ ವಿದ್ಯೆ, ಕೊಡುವವನಿಗೂ ತಾನು ಏನು ಕೊಳ್ಳುತ್ತಿದ್ದೇನೆಂದು ಗೊತ್ತು. ಗಡುವಿನ ಸುದ್ದಿ ಹಾಗಲ್ಲ. ಅದನ್ನು ಹೇಳಿದ ಕ್ಷಣ ಅದರ ಬೆಲೆ ಕರಗುತ್ತದೆ, ಹೇಳದೆ ಇಟ್ಟುಕೊಂಡಷ್ಟು ಹೊತ್ತು ಮಾತ್ರ ಅದು ಸರಕು. (ದೂರವೂ ಹೀಗೆಯೇ ಮಾರಾಟವಾಗುತ್ತಿತ್ತು. 2008ರಲ್ಲಿ ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಶುರುವಾಗುವ ಮುಂಚೆ ‘ಬೆಂಗಳೂರಾಗ ನಮ್ಮೋರದಾರ’ ಎನ್ನುವವನಿಗೆ ಆ ಒಂದು ಮಾತೇ ಬಂಡವಾಳ.)

ಕಾಸಿಲ್ಲದವನ ಪ್ರಶ್ನೆ ಹಾಗೇ ಉಳಿಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನದ ಮಿತಿಯಿಲ್ಲದೆ ಉಚಿತ ನೆರವುಂಟು. ಪಾಲು ಕೇಳುವವನು ಮೊದಲು ಈ ಬಾಗಿಲು ತೋರಿಸಿ, ಆಮೇಲೂ ಗಿರಾಕಿ ತನ್ನ ಬಳಿಯೇ ಉಳಿದರೆ ಮಾತ್ರ ಅವನ ಪಾಲಿನ ಬಗ್ಗೆ ಚರ್ಚಿಸಬಹುದು. ಎರಡು ವರ್ಗಕ್ಕೂ ಸೇರದ, ಉಳಿದವರಿಗಿರುವ ವರಮಾನದ ಮಿತಿಯನ್ನೂ ದಾಟಿದ ರೈತನಿಗೆ ಹಂತಹಂತವಾಗಿ ಹಣ ಕೊಡುವ ಕರಾರೇ ದಾರಿ: ಅರ್ಜಿಗೆ ಇಷ್ಟು, ನಕಲಿಗೆ ಇಷ್ಟು, ಸುಗ್ಗಿಗೆ ಇಷ್ಟು ಎಂದು ಚೀಟಿಯಲ್ಲಿ ಬರೆದದ್ದು. ಹಣ ಬಾಕಿಯಿದ್ದರೂ ಕಾಗದ ತಡೆಹಿಡಿಯಬಾರದು. ವಕೀಲರು ಶುಲ್ಕದ ಬಾಕಿಗಾಗಿ ಫೈಲು ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ತೊಡಕೆಂದರೆ ಆ ನಿಯಮಗಳೆಲ್ಲ ವಕೀಲರನ್ನು ಕಟ್ಟುತ್ತವೆ, ಸುತ್ತಲಿನವರನ್ನಲ್ಲ. 2023ರ ತಿದ್ದುಪಡಿ ವಕೀಲರ ಕಾಯ್ದೆಗೆ ದಲ್ಲಾಳಿಗಳ ಪಟ್ಟಿಯ ಕಲಂ ಸೇರಿಸಿತು. ಶಿಕ್ಷೆ 3 ತಿಂಗಳವರೆಗಿನ ಜೈಲು ಅಥವಾ 500 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಒಂದು ಪರಿಹಾರದ ಪಾಲಿನ ಮುಂದೆ 500 ರೂಪಾಯಿ ಯಾವ ಲೆಕ್ಕ! ಗುಮಾಸ್ತನನ್ನು ಆ ಸಾಲಿಗೆ ಸೇರಿಸುವುದೂ ಅನ್ಯಾಯ. ಅವನ ಸಂಬಳವನ್ನು ವಕೀಲರೂ ಹಲವೆಡೆ ಬಾಯಿಬಿಟ್ಟು ನಿಗದಿ ಮಾಡಿರುವುದಿಲ್ಲ. ‘ಪಾರ್ಟಿ ಕಡೆಯಿಂದ ಏನಾರ ಬರ್ತದ, ತಗೋ’ ಎಂದಿರುತ್ತಾರೆ. ರೈತನಿಗೆ ದರ ಹೇಳು ಎಂದು ಗುಮಾಸ್ತನನ್ನು ಒತ್ತಾಯಿಸುವ ಮುಂಚೆ, ಅವನಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ವಕೀಲರನ್ನು ಕೇಳಬೇಕಾಗುತ್ತದೆ.