ತಟ್ಟೆ ಹೋಯಿತು, ಹಾಡು ಎಲ್ಲಿದೆ?

1942ರ ಫೆಬ್ರುವರಿ 10ರಂದು ಅಮೆರಿಕದ ವಾದ್ಯವೃಂದ ನಾಯಕ ಗ್ಲೆನ್ ಮಿಲ್ಲರ್ ಕೈಗೆ ಚಿನ್ನದ ಬಣ್ಣ ಬಳಿದ ಗ್ರಾಮಫೋನ್ ತಟ್ಟೆಯೊಂದು ಬಂತು. ‘ಚಟ್ಟನೂಗ ಚೂ ಚೂ’ ಹಾಡಿನ 12 ಲಕ್ಷ ಪ್ರತಿಗಳು ಖರ್ಚಾದ ಸಂತೋಷಕ್ಕೆ ಆರ್‌ಸಿಎ ವಿಕ್ಟರ್ ಕಂಪನಿ ಕೊಟ್ಟ ಉಡುಗೊರೆ ಅದು. 1958ರಲ್ಲಿ ಅಲ್ಲಿನ ರೆಕಾರ್ಡಿಂಗ್ ಕಂಪನಿಗಳ ಸಂಘ ಆರ್‌ಐಎಎ ‘ಗೋಲ್ಡ್’ ಗೌರವವನ್ನು ಅಧಿಕೃತಗೊಳಿಸಿತು. 1976ರಲ್ಲಿ ‘ಪ್ಲಾಟಿನಂ’ ಸೇರಿತು. ಎಷ್ಟು ಮಾರಾಟವಾಯಿತು ಎಂಬುದೇ ಅಳತೆ. ಹಾಡೆಂದರೆ ಕೈಯಲ್ಲಿ ಹಿಡಿಯುವ ವಸ್ತು ಎಂಬ ನಂಬಿಕೆ ಅದರ ಬುಡದಲ್ಲಿತ್ತು.

ಆ ವಸ್ತುವೇ ಮರೆಯಾಗತೊಡಗಿದಾಗ, ಭಾರತದ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೊಂದು ಸಂಗೀತೋದ್ಯಮದ ಮುಂದೆ ಬಂದು ನಿಂತಿತು. ಶಬ್ದ ಇರುವುದಾದರೂ ಎಲ್ಲಿ? ಮೀಮಾಂಸಕರಿಗೆ ಶಬ್ದ ನಿತ್ಯ. ಉಚ್ಚಾರಣೆ ಅದನ್ನು ಹುಟ್ಟಿಸುವುದಿಲ್ಲ, ಪ್ರಕಟಪಡಿಸುತ್ತದೆ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಶಬ್ದ ಹುಟ್ಟುತ್ತದೆ, ಹುಟ್ಟಿದ್ದು ಅಳಿಯುತ್ತದೆ. ಮೀಮಾಂಸಕರ ಕಾಳಜಿ ವೇದದ ಬಗ್ಗೆ, ಸಿನಿಮಾ ಹಾಡಿನ ಬಗ್ಗೆ ಅಲ್ಲ, ನಿಜ. ಆದರೂ ತಟ್ಟೆಯ ಕಾಲ ಅವರ ಕಡೆಗೇ ವಾಲಿತ್ತು: ಹಾಡು ಬೀರುವಿನಲ್ಲಿ ಇದ್ದೇ ಇರುತ್ತದೆ, ಮುಳ್ಳು ತಾಗಿದಾಗ ಕೇಳಿಸುತ್ತದೆ. ಇಂಟರ್‌ನೆಟ್ಟಿನಲ್ಲೇ ಹಾಡು ಕೇಳಿಸುವ ಸ್ಟ್ರೀಮಿಂಗ್ ನೈಯಾಯಿಕರ ಪಕ್ಷ. ಪ್ರತಿ ಸಲ ಕೇಳುವುದೂ ಒಂದು ಘಟನೆ, ಎಣಿಸುವುದೂ ಅದನ್ನೇ.

ಆರ್‌ಐಎಎ ಸ್ಟ್ರೀಮಿಂಗ್ ಅನ್ನು 2013ರಲ್ಲಿ ಬಿಡಿ ಹಾಡುಗಳಿಗೆ, 2016ರ ಫೆಬ್ರುವರಿಯಲ್ಲಿ ಆಲ್ಬಂಗಳಿಗೆ ಲೆಕ್ಕಕ್ಕೆ ಹಿಡಿಯಿತು. ಆಲ್ಬಂನ ಹಾಡುಗಳನ್ನು 1500 ಸಲ ಕೇಳಿದರೆ ಒಂದು ಆಲ್ಬಂ ಮಾರಿದಂತೆ. ಹೊಸ ಲೆಕ್ಕದಲ್ಲಿ ರ್‍ಯಾಪರ್ ಕೆಂಡ್ರಿಕ್ ಲಮಾರ್‌ನ ‘ಟು ಪಿಂಪ್ ಎ ಬಟರ್‌ಫ್ಲೈ’ ಕೂಡಲೇ ಪ್ಲಾಟಿನಂ ಆಯಿತು. ಆತನ ಆಲ್ಬಂ ಹೊರತಂದ ಕಂಪನಿಯ ಮುಖ್ಯಸ್ಥ ಆಂಥನಿ ಟಿಫಿತ್ ಮಾತ್ರ ಅದನ್ನು ಒಪ್ಪಲಿಲ್ಲ. ಹತ್ತು ಲಕ್ಷ ಆಲ್ಬಂ ಮಾರಿದರೆ ಮಾತ್ರ ಪ್ಲಾಟಿನಂ ಎಂದು ಬಹಿರಂಗವಾಗಿಯೇ ಹೇಳಿದರು. ಬಂದ ಗೌರವವನ್ನೇ ಬೇಡವೆನ್ನುವ ಈ ಹಟದಲ್ಲಿ ತೂಕವಿದೆ. ದ್ರವ್ಯ, ದೇವತೆ, ತ್ಯಾಗ ಸೇರಿದರೆ ಯಾಗ ಎನ್ನುತ್ತದೆ ಮೀಮಾಂಸೆ. ಹಾಗೆ ನೋಡಿದರೆ ಕಾಸು ಕೊಟ್ಟು ಆಲ್ಬಂ ಕೊಂಡವನೂ ಏನನ್ನೋ ಬಿಟ್ಟುಕೊಟ್ಟಿರುತ್ತಾನೆ.

ಆದರೆ ಕೊಂಡು ಒಮ್ಮೆಯೂ ಕೇಳದವನು, ಕೊಳ್ಳದೆ ನೂರು ಸಲ ಕೇಳಿದವನು, ಇವರಲ್ಲಿ ಹಾಡಿಗೆ ಹತ್ತಿರದವನು ಯಾರು?

ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಇಲ್ಲಿ ದಿಟ್ಟವಾಗಿ ನಡೆದುಕೊಂಡಿತು. ಸ್ಟ್ರೀಮಿಂಗ್‌ನಲ್ಲಷ್ಟೇ ಸಿಗುವ ಧ್ವನಿಮುದ್ರಣಗಳೂ ಸ್ಪರ್ಧೆಗೆ ಅರ್ಹ ಎಂದು 2016ರ ಜೂನ್‌ನಲ್ಲಿ ನಿಯಮ ಬದಲಿಸಿತು. ಚಾನ್ಸ್ ದ ರ್‍ಯಾಪರ್ ‘ಕಲರಿಂಗ್ ಬುಕ್’ ಆಲ್ಬಮನ್ನು ಆಗ ಮಾರಾಟಕ್ಕೇ ಇಟ್ಟಿರಲಿಲ್ಲ. 2017ರ ಫೆಬ್ರುವರಿಯಲ್ಲಿ ಅದಕ್ಕೆ ಅತ್ಯುತ್ತಮ ರ್‍ಯಾಪ್ ಆಲ್ಬಂ ಪ್ರಶಸ್ತಿ ಬಂತು, ಆತ ಅತ್ಯುತ್ತಮ ಹೊಸ ಕಲಾವಿದನೂ ಆದ. ಗುಣ ನೋಡಿ ಮತ ಹಾಕುವ ಪ್ರಶಸ್ತಿಗೆ ತಟ್ಟೆ ಬೇಕಾಗಿರಲೇ ಇಲ್ಲ.

ತೊಡಕಿರುವುದು ಎಣಿಸುವವರ ಲೆಕ್ಕದಲ್ಲಿ. ಸ್ಟ್ರೀಮಿಂಗ್ ಸೇವೆ ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದಂತೆ. ಗಂಗೂಬಾಯಿ ಹಾನಗಲ್ ಹಾಡಿದ ಕಿರಾನಾ ಘರಾಣೆಯ ಖಯಾಲನ್ನು ತೆಗೆದುಕೊಳ್ಳಿ. ವಿಲಂಬಿತ ಏಕತಾಲದ ಒಂದು ಆವರ್ತನಕ್ಕೇ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ತಬಲಾ ಮತ್ತೆ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬರುವ ಮುಂಚೆಯೇ ಕೇಳುಗ ಎದ್ದು ಹೋದರೂ ಲೆಕ್ಕದಲ್ಲಿ ಅವನು ಕೇಳಿದವನೇ. ಅರ್ಧ ಗಂಟೆ ಕೂತು ಮುಗಿಯುವವರೆಗೆ ಕೇಳಿದವಳೂ ಅಷ್ಟೇ, ಒಂದು. ಎಣಿಸುವುದೇ ಆದರೆ ಎಷ್ಟು ಹೊತ್ತು ಕೇಳಿದರು ಎಂಬುದನ್ನೂ ಎಣಿಸಬೇಕು. ಆ ಮಾಹಿತಿ ಸ್ಟ್ರೀಮಿಂಗ್ ಕಂಪನಿಗಳ ಕೈಯಲ್ಲೇ ಇದೆ.