ಚುನಾವಣೆಯ ದಿನ ಯಾರದು?

ಮುಹೂರ್ತ ಗೊತ್ತಾದ ಮೇಲೆ ಮದುವೆಮನೆಯ ಉಳಿದೆಲ್ಲ ಕೆಲಸ ಅದಕ್ಕೆ ಹೊಂದಿಕೊಳ್ಳುತ್ತದೆ. ಚಪ್ಪರ ಅರೆಬರೆಯಾಗಿರಬಹುದು, ಅಡುಗೆಯವರು ತಡವಾಗಿ ಬಂದಿರಬಹುದು, ಧಾರೆ ಮಾತ್ರ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ‘ಮೊದಲು ಚಪ್ಪರ ಮುಗಿಯಲಿ, ಆಮೇಲೆ ಮುಹೂರ್ತ ನೋಡೋಣ’ ಎಂದು ಗಂಡಿನ ಕಡೆಯವರು ಹೇಳಿದರೆ, ಅವರಿಗೆ ಈ ಮದುವೆ ಬೇಕಾಗಿಲ್ಲ ಎಂದು ಊರಿಗೆ ಅರ್ಥವಾಗುತ್ತದೆ.

ಬೆಂಗಳೂರಿನ ಪಾಲಿಕೆ ಚುನಾವಣೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆಗ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳ ಕಾಲ. 2025ರ ಸೆಪ್ಟೆಂಬರ್ ಬಂದಾಗ ಒಂದು ಪಾಲಿಕೆ ಬಾಳಬೇಕಾದ ಪೂರ್ಣ ಐದು ವರ್ಷ ಒಬ್ಬ ಚುನಾಯಿತ ಸದಸ್ಯನೂ ಇಲ್ಲದೆ ಕಳೆದುಹೋಗಿತ್ತು. ಮುಂದೆ ಚುನಾವಣೆ ಯಾವಾಗ ನಡೆದರೂ, ಯಾರು ಗೆದ್ದರೂ, ಆ ಐದು ವರ್ಷ ಯಾರಿಗೂ ವಾಪಸು ಸಿಗುವುದಿಲ್ಲ.

ಇದನ್ನು ಕಾನೂನಿನ ತಕರಾರಾಗಿ ನೋಡುವವರು ಬಹಳ ಮಂದಿ. ನನಗೆ ಇದು ಮೊದಲಿಗೆ ಒಂದು ನೈತಿಕ ಪ್ರಶ್ನೆ. ಮತ ಹಾಕುವ ಹಕ್ಕು ನನ್ನದು ಎಂದಾದರೆ, ಅದನ್ನು ಚಲಾಯಿಸುವ ದಿನ ಯಾರದು? ದಿನವಿಲ್ಲದ ಹಕ್ಕಿಗೆ ಹಕ್ಕು ಎಂಬ ಹೆಸರು ಒಪ್ಪುತ್ತದೆಯೇ?

ಸಂವಿಧಾನದ 74ನೇ ತಿದ್ದುಪಡಿ ಈ ಪ್ರಶ್ನೆಗೆ ಸ್ಪಷ್ಟವಾಗಿಯೇ ಉತ್ತರ ಕೊಟ್ಟಿದೆ. 1993ರಲ್ಲಿ ಜಾರಿಗೆ ಬಂದ 243ಯು ವಿಧಿಯ ಪ್ರಕಾರ ಪಾಲಿಕೆಯ ಆಯಸ್ಸು ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮುಂಚೆಯೇ ಹೊಸ ಚುನಾವಣೆ ಮುಗಿದಿರಬೇಕು. ಲೋಕಸಭೆಯ ಅವಧಿಯನ್ನಾದರೂ ತುರ್ತುಪರಿಸ್ಥಿತಿಯಲ್ಲಿ ಹಿಗ್ಗಿಸಬಹುದು. 1976ರಲ್ಲಿ ಹಾಗೆ ಮಾಡಿದ್ದೂ ಉಂಟು. ಪಾಲಿಕೆಯ ಮಟ್ಟಿಗೆ ಅಂಥ ಅವಕಾಶವನ್ನೇ ಇಟ್ಟಿಲ್ಲ. ಆದರೆ ಈ ನಿಯಮದ ಒಂದು ಅರ್ಧ ಮಾತ್ರ ಚಾಚೂ ತಪ್ಪದೆ ನಡೆಯುತ್ತದೆ. ಐದು ವರ್ಷ ತುಂಬಿದ ದಿನ ಕಾರ್ಪೊರೇಟರ್‌ಗಳು ಮನೆಗೆ ಹೋಗುತ್ತಾರೆ. ಅವರ ಜಾಗಕ್ಕೆ ಬರಬೇಕಾದವರು ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂದರೆ ‘ಸಿದ್ಧತೆ ನಡೆಯುತ್ತಿದೆ’ ಎಂಬ ಉತ್ತರ ಸಿಗುತ್ತದೆ. ಅದು ಸುಳ್ಳಲ್ಲ. ವಾರ್ಡುಗಳ ಗಡಿ ಗುರುತಿಸಬೇಕು, ಆಕ್ಷೇಪಣೆ ಕೇಳಬೇಕು, ಮೀಸಲಾತಿ ಪಟ್ಟಿ ಹೊರಡಿಸಬೇಕು, ವಿಧಾನಸಭೆಯ ಮತದಾರರ ಪಟ್ಟಿಯನ್ನು ವಾರ್ಡುವಾರು ವಿಂಗಡಿಸಬೇಕು. ಬೆಂಗಳೂರಿನಲ್ಲಿ ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಿತು. ಅದರ ನಕ್ಷೆ ಮುಗಿಯಿತು ಅನ್ನುವಾಗ 225ಕ್ಕೆ ಇಳಿಯಿತು. ಬಳಿಕ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು ಒಂದು ಪಾಲಿಕೆ ಐದಾಯಿತು, ವಾರ್ಡುಗಳು 369 ಆದವು. ಪ್ರತಿ ಸಲವೂ ಗೆರೆ ಹೊಸದಾಗಿ ಎಳೆಯಬೇಕು, ಆಕ್ಷೇಪಣೆ ಹೊಸದಾಗಿ ಕೇಳಬೇಕು. ಈ ಐದು ವರ್ಷಗಳಲ್ಲಿ ರಾಜ್ಯ ಆಳುವ ಪಕ್ಷ ಬದಲಾಯಿತು. ಕಾಯಿಸುವುದು ಬದಲಾಗಲಿಲ್ಲ. ಹಾಗೆ ನೋಡಿದರೆ ಇದು ಮೊದಲ ಸಲವೂ ಅಲ್ಲ. 2006ರ ನವೆಂಬರ್‌ನಲ್ಲಿ ಹಿಂದಿನ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಸುತ್ತಲಿನ ನಗರಸಭೆಗಳನ್ನೂ ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಕಟ್ಟಲಾಯಿತು. ಅದಕ್ಕೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ.

ಒಂದು ಕಾಲಕ್ಕೆ ನಮ್ಮ ಬೀದಿಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಆ ಬರಹದ ಜಾಣತನ ಗಮನಿಸಿ. ಬರಬೇಡ ಎಂದು ಅದು ಎಲ್ಲೂ ಹೇಳುವುದಿಲ್ಲ. ಚುನಾವಣೆ ಬೇಡ ಎಂದು ಯಾವ ಸರ್ಕಾರವೂ ಹೇಳಿಲ್ಲ. ಹಾಗೆ ಹೇಳಿದ್ದರೆ ಜನ ಕೆರಳುತ್ತಿದ್ದರು. ‘ಚೆನ್ನಾಗಿ ಮಾಡೋಣ, ಸ್ವಲ್ಪ ತಾಳಿ’ ಎಂದರೆ ಯಾರು ತಾನೇ ಜಗಳಕ್ಕೆ ನಿಲ್ಲುತ್ತಾರೆ?

ಎದುರು ವಾದಗಳಲ್ಲಿ ಒಂದನ್ನು ನಾನು ಹಗುರವಾಗಿ ಕಾಣಲಾರೆ. ಅದು ಮೀಸಲಾತಿಯದು. ಹಿಂದುಳಿದ ವರ್ಗಗಳಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಮೀಸಲಾತಿ ಕೊಡುವ ಮುಂಚೆ ಆಯೋಗ ರಚಿಸಿ, ಅಂಕಿಅಂಶ ಕಲೆಹಾಕಿ, ಒಟ್ಟು ಮೀಸಲಾತಿ ಅರ್ಧ ದಾಟದಂತೆ ನೋಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ಲೆಕ್ಕ ತಪ್ಪಿದರೆ ನ್ಯಾಯವಾಗಿ ಸೀಟು ಸಿಗಬೇಕಾದವರಿಗೆ ಐದು ವರ್ಷ ಸಿಗದೇ ಹೋಗಬಹುದು. ಮತದಾರರ ಪಟ್ಟಿಯೂ ಹಾಗೆಯೇ. ಅವಸರದಲ್ಲಿ ಬಿಟ್ಟುಹೋದ ಒಂದು ಹೆಸರು ಒಬ್ಬ ಮನುಷ್ಯನ ಮತ. ದಿನ ಪಾಲಿಸಿದೆವು ಎಂಬ ಹೆಮ್ಮೆ ಅವನಿಗೆ ಸಮಾಧಾನ ತರುವುದಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೂ ನನಗೆ ಒಂದು ಪ್ರಶ್ನೆ ಉಳಿಯುತ್ತದೆ. ಮೀಸಲಾತಿ ಸರಿಹೋಗಲಿ ಎಂದು ಚುನಾವಣೆ ನಿಲ್ಲಿಸಿದಾಗ ಆ ಜಾಗದಲ್ಲಿ ಏನಿರುತ್ತದೆ? 2015ರಲ್ಲಿ ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲಾಗಿದ್ದವು. ಪರಿಶಿಷ್ಟರಿಗೆ, ಹಿಂದುಳಿದವರಿಗೆ ಅವರವರ ಪಾಲು ಇತ್ತು. ಸಭೆಯೇ ಇಲ್ಲದಾಗ ಈ ಎಲ್ಲರ ಪಾಲು ಸೊನ್ನೆ. ಆಡಳಿತಾಧಿಕಾರಿಯ ಒಂದು ಕುರ್ಚಿಯಲ್ಲಿ ಯಾವ ಮೀಸಲಾತಿ ಹಿಡಿಸೀತು? ಲೆಕ್ಕದಲ್ಲಿ ಅಲ್ಪಸ್ವಲ್ಪ ತಪ್ಪಬಹುದೆಂಬ ಭಯಕ್ಕೆ ಇಡೀ ಪಾಲನ್ನೇ ತಡೆಹಿಡಿಯುವುದನ್ನು ನ್ಯಾಯದ ಕಾಳಜಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಸಿದ್ಧತೆಯ ಈ ಕಟ್ಟುನಿಟ್ಟು ಎಲ್ಲ ಚುನಾವಣೆಗೂ ಒಂದೇ ಆಗಿದ್ದರೆ ನಂಬಬಹುದಿತ್ತು. ಬೆಂಗಳೂರಿನ ವಿಧಾನಸಭಾ ಕ್ಷೇತ್ರಗಳ ಗಡಿ ಎಳೆದದ್ದು 2001ರ ಜನಗಣತಿಯ ಮೇಲೆ. ಆಮೇಲೆ ನಗರದ ಅಂಚು ಎಷ್ಟು ಬೆಳೆದಿದೆ ಎಂದರೆ, ಅಂಚಿನ ಒಂದು ಕ್ಷೇತ್ರದಲ್ಲಿ ನಡುವಿನ ಎರಡು ಕ್ಷೇತ್ರಕ್ಕಿಂತ ಹೆಚ್ಚು ಮತದಾರರಿದ್ದಾರೆ. ಆದರೂ 2023ರ ಮೇನಲ್ಲಿ ವಿಧಾನಸಭೆಗೆ, 2024ರ ಏಪ್ರಿಲ್‌ನಲ್ಲಿ ಲೋಕಸಭೆಗೆ ಹೊತ್ತಿಗೆ ಸರಿಯಾಗಿ ಮತದಾನವಾಯಿತು. ಗಡಿ ಸರಿಯಾಗುವವರೆಗೆ ಶಾಸಕರು ಬೇಡ ಎಂದು ಯಾರೂ ಹೇಳಲಿಲ್ಲ. ಕೋವಿಡ್ ಕಾರಣವೂ ಇಷ್ಟೇ. 2020ರ ಡಿಸೆಂಬರ್‌ನಲ್ಲಿ ನಮ್ಮದೇ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಪಕ್ಕದ ಕೇರಳ ಅದೇ ತಿಂಗಳು ಬಹುತೇಕ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಚುನಾವಣೆ ಮುಗಿಸಿತು. ಅಲ್ಲಿ 1995ರಿಂದ ಐದೈದು ವರ್ಷಕ್ಕೆ ಇದು ತಪ್ಪದೆ ನಡೆದಿದೆ. ವಾರ್ಡು ಗಡಿಯ ಕೆಲಸ ಅಲ್ಲಿ ಒಂದು ಪ್ರತ್ಯೇಕ ಆಯೋಗದ್ದು, ಅದರ ಮುಖ್ಯಸ್ಥರು ರಾಜ್ಯ ಚುನಾವಣಾ ಆಯುಕ್ತರು.

ಅಸಲಿ ಗಂಟು ಇರುವುದು ಇಲ್ಲಿ. ನಮ್ಮಲ್ಲಿ ದಿನಾಂಕ ಘೋಷಿಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ಗಡಿಯ, ಮೀಸಲಾತಿಯ ಅಧಿಸೂಚನೆ ಸರ್ಕಾರದಿಂದ ಬರಬೇಕು. ಕ್ಯಾಲೆಂಡರ್ ಒಬ್ಬರ ಕೈಯಲ್ಲಿ, ಬೀಗದ ಕೈ ಇನ್ನೊಬ್ಬರ ಕೈಯಲ್ಲಿ. ಆ ಇನ್ನೊಬ್ಬರಿಗೆ ತಡದಿಂದ ನಷ್ಟವಿಲ್ಲ, ಲಾಭವೇ ಉಂಟು. ಪಾಲಿಕೆಯ 2025-26ರ ಆಯವ್ಯಯ 19 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ್ದು. ಚುನಾಯಿತ ಸಭೆಯ ಚರ್ಚೆಯಿಲ್ಲದೆ ಅದು ಪಾಸಾಯಿತು. ವಾರ್ಡಿನ ಕಾಮಗಾರಿಗೂ ಶಾಸಕರ ಮಾತೇ ನಡೆಯುತ್ತದೆ. ಸಿದ್ಧತೆ ಮಾಡಬೇಕಾದವನಿಗೆ ಸಿದ್ಧವಾಗದಿರುವುದರಿಂದ ಅನುಕೂಲವಾಗುವ ಹಾಗಿದ್ದರೆ ಆ ಸಿದ್ಧತೆ ಮುಗಿಯುವುದೇ ಇಲ್ಲ. ಇದಕ್ಕೆ ಯಾರೂ ಕೆಟ್ಟವರಾಗಿರಬೇಕಿಲ್ಲ. ಸಾಮಾನ್ಯ ಮನುಷ್ಯರಾಗಿದ್ದರೆ ಸಾಕು.

ನನ್ನ ಪರಿಚಯದ ಮಧ್ಯಮವರ್ಗದವರು ‘ಕಾರ್ಪೊರೇಟರ್‌ಗಳಿಲ್ಲದಿದ್ದರೆ ಕಮಿಷನ್ ಒಂದು ಕೈ ಕಡಿಮೆ’ ಎನ್ನುತ್ತಾರೆ. ಇರಬಹುದು. ಆದರೆ ನಮ್ಮ ಬೀದಿಯ ತಿರುವಿನಲ್ಲಿ ಹೂ ಮಾರುವ ಹೆಂಗಸು ಇದನ್ನು ಬೇರೆ ಥರ ಹೇಳಿದರು: ‘ಆವಾಗ ಬಯ್ಯೋಕಾದ್ರೂ ಒಬ್ರು ಇದ್ರು ಸಾರ್. ಬೆಳಗ್ಗೆ ಎದ್ದು ಅವ್ರ ಮನೆ ಮುಂದೆ ನಿಂತ್ಕೋತಿದ್ವಿ.’ ಆ್ಯಪ್‌ನಲ್ಲಿ ದೂರು ಹಾಕಿ, ಇಂಗ್ಲಿಷಿನಲ್ಲಿ ಮೇಲ್ ಬರೆದು, ಪರಿಚಯದ ಅಧಿಕಾರಿಗೆ ಫೋನ್ ಮಾಡಿ ಕೆಲಸ ಮಾಡಿಸಿಕೊಳ್ಳಬಲ್ಲವರಿಗೆ ಕಾರ್ಪೊರೇಟರ್ ಇಲ್ಲದಿರುವುದು ಅಷ್ಟಾಗಿ ತಟ್ಟುವುದಿಲ್ಲ. ಆಕೆಗೆ ತಟ್ಟುತ್ತದೆ. ಕಾರ್ಪೊರೇಟರ್ ಒಳ್ಳೆಯವನೇ ಆಗಬೇಕೆಂದು ಆಕೆ ಕೇಳುತ್ತಿಲ್ಲ. ಹತ್ತಿರದಲ್ಲಿರಬೇಕು, ಬೈದರೆ ಕೇಳಿಸಿಕೊಳ್ಳಬೇಕು, ಮುಂದಿನ ಸಲ ತನ್ನ ಮತ ಕೇಳಿಕೊಂಡು ಬರಬೇಕು. ಕಾಯುವ ಬೆಲೆಯನ್ನು ತೆರುವುದು ಹೀಗೆ ಬೇರೆ ದಾರಿ ಇಲ್ಲದವರು.

ಹಾಗಾದರೆ ದಾರಿ ಯಾವುದು? ನ್ಯಾಯಾಲಯಗಳು ಅದನ್ನು ಆಗಾಗ ತೋರಿಸಿವೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಪ್ರಕೃತಿ ವಿಕೋಪ, ಗಲಭೆಯಂಥ ಅಸಾಧಾರಣ ಸಂದರ್ಭ ಬಿಟ್ಟರೆ ಚುನಾವಣೆ ಮುಂದೂಡುವಂತಿಲ್ಲ ಎಂದಿತು. ಮಧ್ಯಪ್ರದೇಶದ ಪ್ರಕರಣದಲ್ಲಿ 2022ರಲ್ಲಿ, ಗಡಿ ಕೆಲಸ ಬಾಕಿಯಿದೆ ಎಂಬುದು ಕಾರಣವಾಗದು ಎಂದಿತು. ನಮ್ಮ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹಳೆಯ 198 ವಾರ್ಡುಗಳಲ್ಲೇ ಚುನಾವಣೆ ನಡೆಸಿ ಎಂದಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಕೋರ್ಟಿಗೆ ಹೋದರೆ ದಿನ ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಆದರೂ ಈ ತೀರ್ಪುಗಳ ಹಿಂದಿನ ತತ್ವ ಸರಳ. ಹೊಸ ನಕ್ಷೆ ಹೊತ್ತಿಗೆ ಸಿದ್ಧವಾಗದಿದ್ದರೆ ಹಳೆಯ ನಕ್ಷೆಯಲ್ಲೇ ಚುನಾವಣೆ ನಡೆಯಲಿ, ಹೊಸದು ಮುಂದಿನ ಸಲಕ್ಕೆ ಇರಲಿ. ಆಗ ತಡ ಮಾಡಿದವರಿಗೆ ತಡದಿಂದ ಏನೂ ದಕ್ಕುವುದಿಲ್ಲ, ಸಿದ್ಧತೆ ತಾನಾಗಿಯೇ ಬೇಗ ಮುಗಿಯುತ್ತದೆ. ಪಾಲಿಕೆ ಚುನಾವಣೆ ಇದ್ದಕ್ಕಿದ್ದಂತೆ ಸುರಿಯುವ ಮಳೆಯಲ್ಲ. ಒಂದು ಸಭೆ ಕೂತ ದಿನವೇ ಮುಂದಿನದು ಯಾವಾಗ ಎಂದು ಗೊತ್ತಿರುತ್ತದೆ. ಐದು ವರ್ಷ ಮುಂಚೆ ಗೊತ್ತಿದ್ದ ದಿನಕ್ಕೆ ಸಿದ್ಧವಾಗಿಲ್ಲ ಎನ್ನುವವರನ್ನು ಐದು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳುವುದು ನಾಗರಿಕರಾದ ನಮ್ಮ ಕೆಲಸ. ಆ ಪ್ರಶ್ನೆಯನ್ನು ಅವಧಿ ಮುಗಿದ ಮೇಲೆ ಕೇಳಿದರೆ ಸಾಲದು. ಮುಂದಿನ ಸಭೆ ಕೂತ ಮೊದಲ ವರ್ಷದಿಂದಲೇ ಕೇಳುತ್ತಿರಬೇಕು.